ಹಳೇ ಲ್ಯಾಪ್‌ಟಾಪ್ ಕೊಡುವ ಮುಂಚೆ ಫೈಲುಗಳನ್ನು ಎತ್ತಿಟ್ಟ ಬಗೆ

ಹಳೇ ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ತೀರ್ಮಾನವಾದ ಕೂಡಲೇ ಕೂತು ಬೇಕಾದ್ದು, ಬೇಡದ್ದು ಬೇರೆ ಮಾಡೋಣ ಅನಿಸುತ್ತದೆ. ನಾನು ಆ ಕೆಲಸಕ್ಕೆ ಕೈ ಹಾಕಲೇ ಇಲ್ಲ. ಹಳೇ ಫೋಟೋಗಳನ್ನು ಒಂದೊಂದೇ ತೆರೆಯುತ್ತಾ ಕೂತರೆ ದಿನ ಹೋಗುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ. ಬೇಸರ ಬಂದಾಗ ಏನನ್ನೋ ಅಳಿಸಿಬಿಡುವ ಭಯ ಬೇರೆ. ಮೊದಲು ಎಲ್ಲವನ್ನೂ ಇದ್ದ ಹಾಗೇ ಎತ್ತಿಡುವುದು, ಆಮೇಲೆ ಪುರುಸೊತ್ತಿನಲ್ಲಿ ವಿಂಗಡಿಸುವುದು, ಹೀಗೆ ಮಾಡಿದೆ.

ನನ್ನದು ವಿಂಡೋಸ್ ಲ್ಯಾಪ್‌ಟಾಪ್, ಅದರ ಡಿಸ್ಕ್ 500 ಜಿಬಿ. ಅದಕ್ಕೆ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಧಾರಾಳವಾಗಿ ಸಾಕು. ಶುರು ಮಾಡುವ ಮುಂಚೆ ಆ ಡಿಸ್ಕಿನ ಫಾರ್ಮ್ಯಾಟ್, ಅಂದರೆ ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಯಾವುದು ಅಂತ ನೋಡಿಕೊಂಡೆ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರೊಳಗೆ ಹೋಗುವುದೇ ಇಲ್ಲ. ಹಳೇ ಪೆನ್ ಡ್ರೈವುಗಳಲ್ಲಿ ಇದು ಜಾಸ್ತಿ. ಜಾಗ ಎಷ್ಟೇ ಖಾಲಿ ಇದ್ದರೂ ದೊಡ್ಡ ವಿಡಿಯೋ ಹಾಕಲು ಹೋದರೆ ಆಗಲ್ಲ ಅನ್ನುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇದ್ದರೆ ಈ ತಲೆನೋವಿಲ್ಲ.

ಕಾಪಿ ಮಾಡುವುದು ಸುಲಭ, ಫೈಲುಗಳು ಎಲ್ಲೆಲ್ಲಿ ಇವೆ ಅಂತ ಹುಡುಕುವುದೇ ನಿಜವಾದ ಕೆಲಸ. ಡೆಸ್ಕ್‌ಟಾಪನ್ನೇ ತಗೊಳ್ಳಿ. ಅಲ್ಲಿ ಕಾಣುವ ಎಷ್ಟೋ ಐಕಾನುಗಳ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇರುತ್ತದೆ. ಅವು ಬರೀ ಶಾರ್ಟ್‌ಕಟ್, ಅಸಲಿ ಫೈಲು ಎಲ್ಲಿದೆ ಅಂತ ದಾರಿ ತೋರಿಸುವ ಗುರುತು ಅಷ್ಟೇ. ನನ್ನ ಡೆಸ್ಕ್‌ಟಾಪಿನಲ್ಲಿ ‘ಮನೆ ಲೆಕ್ಕ’ ಅಂತ ಒಂದು ಐಕಾನ್ ಇತ್ತು, ಪ್ರಾಪರ್ಟೀಸ್ ನೋಡಿದರೆ ಒಂದೆರಡು ಕೆಬಿ ಅಷ್ಟೇ. ಅಸಲಿ ಎಕ್ಸೆಲ್ ಫೈಲು ಡಿ ಡ್ರೈವಿನಲ್ಲಿ, ‘ನ್ಯೂ ಫೋಲ್ಡರ್ (3)’ ಒಳಗೆ ಕೂತಿತ್ತು! ಡೆಸ್ಕ್‌ಟಾಪನ್ನು ಮಾತ್ರ ಕಾಪಿ ಮಾಡಿಕೊಂಡು ಹೋಗುವವರಿಗೆ ಕೊನೆಗೆ ಸಿಗುವುದು ಆ ಬಾಣ ಮಾತ್ರ.

ಅದಕ್ಕೇ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನನ್ನ ಹೆಸರಿನಲ್ಲಿದ್ದ ಇಡೀ ಫೋಲ್ಡರನ್ನೇ ಎತ್ತಿಕೊಂಡೆ, ಡಿ ಡ್ರೈವನ್ನು ಪೂರ್ತಿ ಎತ್ತಿಕೊಂಡೆ, ಸಿ ಡ್ರೈವ್ ತೆರೆದ ಕೂಡಲೇ ಕಾಣುವ ಬಿಡಿ ಫೋಲ್ಡರುಗಳನ್ನೂ ಬಿಡಲಿಲ್ಲ. ಹಳೇ ಸಾಫ್ಟ್‌ವೇರುಗಳು ತಮ್ಮ ಡೇಟಾವನ್ನು ಅಲ್ಲೇ ಇಡುವುದು ಹೆಚ್ಚು. ರೀಸೈಕಲ್ ಬಿನ್ ಕೂಡ ಒಮ್ಮೆ ನೋಡಿದೆ. ಯೂಸರ್ ಫೋಲ್ಡರಿನೊಳಗೆ ಆಪ್‌ಡೇಟಾ ಅಂತ ಒಂದಿದೆ, ಅದು ಮಾಮೂಲಿಯಾಗಿ ಕಣ್ಣಿಗೆ ಬೀಳುವುದಿಲ್ಲ. ವ್ಯೂ ಮೆನುವಿನಲ್ಲಿ ಹಿಡನ್ ಫೈಲುಗಳನ್ನು ತೋರಿಸು ಅಂತ ಹೇಳಬೇಕು. ಬ್ರೌಸರಿನ ಬುಕ್‌ಮಾರ್ಕ್, ಸ್ಟಿಕಿ ನೋಟ್ಸಿನ ಚೀಟಿಗಳು, ಥಂಡರ್‌ಬರ್ಡಿನಲ್ಲಿ ಇಳಿಸಿಕೊಂಡ ಮೇಲ್‌ಗಳು ಎಲ್ಲ ಅದರೊಳಗೇ ಇರುತ್ತವೆ. ಔಟ್‌ಲುಕ್ ಬಳಸುವವರು ಪಿಎಸ್‌ಟಿ ಅಂತ ಕೊನೆಯಾಗುವ ಫೈಲು ಹುಡುಕಿಕೊಳ್ಳಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಮಾತ್ರ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಹಾಗೆ ಬರುವ ಫೈಲಿನಲ್ಲಿ ಪಾಸ್‌ವರ್ಡುಗಳು ಯಾರು ಬೇಕಾದರೂ ಓದುವಂತೆ ಇರುತ್ತವೆ, ಹೊಸ ಕಡೆ ಸೇರಿಸಿದ ಮೇಲೆ ಅದನ್ನು ಇಟ್ಟುಕೊಳ್ಳಬೇಡಿ.

ಒನ್‌ಡ್ರೈವ್ ಥರದ್ದು ಬಳಸುತ್ತಿದ್ದರೆ ಇನ್ನೊಂದು ವಿಷಯ. ಫೈಲಿನ ಹೆಸರು ಕಾಣುತ್ತದೆ, ಪಕ್ಕದಲ್ಲಿ ಮೋಡದ ಚಿತ್ರ ಇರುತ್ತದೆ. ಅಂದರೆ ಆ ಫೈಲು ಕಂಪ್ಯೂಟರಿನಲ್ಲಿ ಇಲ್ಲ, ಇಂಟರ್ನೆಟ್‌ನಲ್ಲಿ ಇದೆ. ಅಂಥವನ್ನು ಮೊದಲು ಇಳಿಸಿಕೊಂಡೆ.

ನಮ್ಮಂಥವರಿಗೆ ಮಾತ್ರ ಇರುವ ಒಂದು ಕಷ್ಟವನ್ನೂ ಹೇಳಬೇಕು. ಕನ್ನಡ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವಂತೆ ಮಾಡುವ ಯುನಿಕೋಡ್ ರೂಢಿಗೆ ಬರುವ ಮುಂಚೆ ‘ನುಡಿ’, ‘ಬರಹ’ ಅನ್ನುವ ಟೈಪಿಂಗ್ ಸಾಫ್ಟ್‌ವೇರುಗಳಲ್ಲಿ ಹಳೇ ಫಾಂಟು ಹಾಕಿ ಟೈಪ್ ಮಾಡಿದ ಕನ್ನಡ ಫೈಲುಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಮಾಯ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಗೋಜಲು ಬರುತ್ತದೆ. ಫೈಲು ಕೆಟ್ಟಿದೆ ಅಂದುಕೊಂಡು ಅಳಿಸುವವರೂ ಇದ್ದಾರೆ. ಹಳೇ ಯಂತ್ರದಲ್ಲಿ ಎಲ್ಲ ಸರಿಯಾಗಿ ಕಾಣುತ್ತಿರುವಾಗಲೇ ನಾನು ಎರಡು ಕೆಲಸ ಮಾಡಿದೆ. ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಕಾಪಿ ಮಾಡಿಕೊಂಡೆ, ಮುಖ್ಯವಾದ ಬರಹಗಳನ್ನು ಪಿಡಿಎಫ್ ಮಾಡಿಟ್ಟೆ. ಯುನಿಕೋಡಿಗೆ ಬದಲಿಸುವ ಸಾಧನಗಳು ಇವೆ, ಆದರೆ ಒತ್ತಕ್ಷರ ಅಲ್ಲಲ್ಲಿ ಎಡವಟ್ಟಾದರೆ ಹೋಲಿಸಿ ತಿದ್ದಲು ಪಿಡಿಎಫ್ ಬೇಕಲ್ವಾ?

ಇನ್ನು ಕಾಪಿ. ಸಾವಿರಾರು ಫೈಲು ಇರುವಾಗ ಸುಮ್ನೆ ಎಳೆದು ಹಾಕುವುದು ನನಗೆ ಇಷ್ಟವಿಲ್ಲ. ನಡುವೆ ನಿಂತುಹೋದರೆ ಎಲ್ಲಿಯವರೆಗೆ ಆಯ್ತು ಅಂತ ಗೊತ್ತಾಗುವುದಿಲ್ಲ. ವಿಂಡೋಸಿನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ಫೈಲುಗಳನ್ನು ಕಾಪಿ ಮಾಡಿಸುವ ರೋಬೊಕಾಪಿ ಬಳಸಿದೆ. ನಿಂತರೆ ಮತ್ತೆ ಅದೇ ಆಜ್ಞೆ ಕೊಟ್ಟರಾಯ್ತು, ಆಗಲೇ ಹೋಗಿರುವುದನ್ನು ಬಿಟ್ಟು ಮುಂದುವರಿಯುತ್ತದೆ. ಏನು ಹೋಯಿತು, ಏನು ಹೋಗಲಿಲ್ಲ ಅಂತ ಲಾಗ್ ಕೂಡ ಬರೆದಿಡುತ್ತದೆ. ಒಂದೇ ಎಚ್ಚರಿಕೆ: ಒಂದು ಫೈಲು ಓದಲು ಆಗದಿದ್ದರೆ ಅದು ಮಾಮೂಲಿಯಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ತಮಾಷೆಯಲ್ಲ, ಅದರ ಲೆಕ್ಕವೇ ಹಾಗೆ. ಒಂದೇ ಸಲ ಪ್ರಯತ್ನಿಸು, ಒಂದೇ ಸೆಕೆಂಡ್ ಕಾಯಿ ಅಂತ ಮೊದಲೇ ಹೇಳಿಬಿಡಬೇಕು. ಎಲ್ಲವನ್ನೂ ಒಂದೇ ದೊಡ್ಡ ಜಿಪ್ ಮಾಡಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಆ ಒಂದು ಫೈಲು ಕೆಟ್ಟರೆ ಒಳಗಿರುವ ಎಷ್ಟೋ ಫೈಲುಗಳಿಗೆ ಕುತ್ತು.

ಕಾಪಿ ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಒಟ್ಟು ಸೈಜು ಹೋಲಿಸಿದೆ. ‘ಸೈಜ್ ಆನ್ ಡಿಸ್ಕ್’ ಅನ್ನುವ ಅಂಕಿ ಬೇರೆ ಬೇರೆ ಬಂದರೆ ಹೆದರಬೇಡಿ, ಡಿಸ್ಕಿನ ಫಾರ್ಮ್ಯಾಟ್ ಮೇಲೆ ಅದು ಬದಲಾಗುತ್ತದೆ. ಆಮೇಲೆ ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಪ್ರತಿ ಫೋಲ್ಡರಿನಿಂದ ಕೆಲವು ಫೈಲುಗಳನ್ನು ತೆರೆದೇ ನೋಡಿದೆ. ವಿಡಿಯೋ ಆದರೆ ಕೊನೆಯ ಭಾಗಕ್ಕೆ ಹೋಗಿ ನೋಡಿದೆ. ಅರ್ಧ ಕಾಪಿಯಾದ ವಿಡಿಯೋ ಶುರುವಿನಲ್ಲಿ ಚೆನ್ನಾಗಿಯೇ ಓಡಬಹುದು. ಫೋಟೋ, ದಾಖಲೆಗಳಿಗೆ ಇನ್ನೊಂದು ಡಿಸ್ಕಿನಲ್ಲಿ ಎರಡನೇ ಪ್ರತಿ ಮಾಡಿದೆ. ಇಷ್ಟಾಗುವವರೆಗೂ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಫೈಲನ್ನೂ ಮುಟ್ಟಲಿಲ್ಲ.

ಕೊನೆಗೆ ಒರೆಸುವ ಕೆಲಸ. ಡಿಲೀಟ್ ಮಾಡಿ ಬಿನ್ ಖಾಲಿ ಮಾಡಿದರೆ ಡಿಸ್ಕಿನಿಂದ ಡೇಟಾ ಹೋಗುವುದಿಲ್ಲ, ಆ ಜಾಗ ಖಾಲಿ ಅಂತ ಗುರುತು ಬೀಳುತ್ತದೆ ಅಷ್ಟೇ. ಹಾರ್ಡ್ ಡಿಸ್ಕಿನಿಂದ ಅಂಥದ್ದನ್ನು ಮತ್ತೆ ತೆಗೆಯುವ ಸಾಫ್ಟ್‌ವೇರ್ ಬೇಕಾದಷ್ಟಿವೆ. ಮೊದಲು ಎಲ್ಲ ಖಾತೆಗಳಿಂದ ಸೈನ್ ಔಟ್ ಆದೆ. ಆಮೇಲೆ ‘ರೀಸೆಟ್ ದಿಸ್ ಪಿಸಿ’ಯಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆ ಒತ್ತಿ, ಸೆಟ್ಟಿಂಗ್ಸ್ ಬದಲಿಸಿ ಡ್ರೈವ್ ಕ್ಲೀನ್ ಮಾಡುವುದನ್ನೂ ಆನ್ ಮಾಡಿದೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಚಾರ್ಜರ್ ಹಾಕಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಮುಗಿದಾಗ ಭಾಷೆ ಯಾವುದು, ದೇಶ ಯಾವುದು ಅಂತ ಕೇಳುವ ಪರದೆ ಬಂತು. ನಾನು ಏನೂ ತುಂಬದೆ ಅಲ್ಲೇ ಆಫ್ ಮಾಡಿದೆ. ಅದು ಹೊಸಬರು ತುಂಬಿಕೊಳ್ಳುವ ಪರದೆ.