ಮೋಟರ್ ಎದೆಯಲ್ಲಿ, ನಗು ಮುಖದಲ್ಲಿ: ನಡೆಯುವ ರೋಬೋ ಕಟ್ಟಿದ ನನ್ನ ಅನುಭವ

ನನ್ನ ರೋಬೋ ಈಗ ನಡೆಯುತ್ತಲೇ ನಗುತ್ತದೆ. ಎತ್ತರ ಹೆಚ್ಚುಕಡಿಮೆ 1 ಮೀಟರ್, ತೂಕ ಆರೂವರೆ ಕೆಜಿ, ಹೆಜ್ಜೆ 4-5 ಸೆಂಟಿಮೀಟರ್. ಜೋರು ನಡಿಗೆಯೇನಲ್ಲ, ಆದರೆ ಪಕ್ಕದಲ್ಲಿ ಯಾರೂ ಹಿಡಿದುಕೊಂಡಿರಬೇಕಿಲ್ಲ. "ಮುಖ ಬೇಕಂದ್ರೆ ಕುರ್ಚಿ ಮೇಲೆ ಕೂರಿಸು, ನಡೀಬೇಕಂದ್ರೆ ಡಬ್ಬಿ ತಲೆ ಇಡು" ಅಂದವರೇ ಹೆಚ್ಚು. ಅವರ ಮಾತಿಗೆ ಆಧಾರವೂ ಇತ್ತು. 2000ದಲ್ಲಿ ಬಂದ ಹೋಂಡಾದ ಆಸಿಮೊ ರೋಬೋ ಚೆನ್ನಾಗಿ ನಡೆಯಿತು, ಅದಕ್ಕೆ ಮುಖವಿರಲಿಲ್ಲ. 2020ರ ಜನವರಿಯಲ್ಲಿ ಇದೇ ಬೆಂಗಳೂರಲ್ಲಿ ಇಸ್ರೊ ತೋರಿಸಿದ ವ್ಯೋಮಮಿತ್ರಳಿಗೆ ಮುಖವಿತ್ತು, ಕಾಲಿರಲಿಲ್ಲ.

ತೊಂದರೆಯೆಲ್ಲ ತಲೆಯ ತೂಕದ್ದು. ಮೊದಲ ತಲೆಯೊಳಗೆ ಎಂಜಿ996ಆರ್ ಅನ್ನುವ ಸರ್ವೊ ಮೋಟರ್ (ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) 10 ಕೂರಿಸಿದ್ದೆ. ಒಂದಕ್ಕೆ 55 ಗ್ರಾಂ, ಅಂದರೆ ಮೋಟರ್‌ಗಳೇ ಅರ್ಧ ಕೆಜಿ ದಾಟಿದವು. ಸಿಲಿಕೋನ್ ಚರ್ಮ, ಬುರುಡೆ ಸೇರಿ ಒಂದೂಕಾಲು ಕೆಜಿ. ಕಾಲೆತ್ತಿದ ಕೂಡಲೇ ತಲೆ ಪಕ್ಕಕ್ಕೆ ವಾಲುತ್ತಿತ್ತು, ಪಾದದ ಕೀಲಿನ ಮೋಟರ್ ತಡೆಯಲಾರದೆ ಕೈಕೊಡುತ್ತಿತ್ತು. ಗೇರು ಸವೆದ ಮೋಟರ್‌ಗಳೇ ಒಂದು ಡಬ್ಬ ತುಂಬಿವೆ.

ಚಿಕ್ಕ ಮೋಟರ್ ಹಾಕಿದರೆ ಸಿಲಿಕೋನ್ ಎಳೆಯುವ ಬಲವಿಲ್ಲ. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳಲ್ಲಿ ಆಡಿಸುವ ಕೈ ದೂರದಲ್ಲಿರುತ್ತದೆ, ಗೊಂಬೆಗೆ ದಾರದ ಭಾರವಷ್ಟೇ. ನಾನೂ ಹತ್ತೂ ಮೋಟರ್‌ಗಳನ್ನು ಎದೆಗೂಡಿಗೆ ಇಳಿಸಿದೆ. ಅಲ್ಲಿಂದ ಮುಖಕ್ಕೆ 3ಡಿ ಪ್ರಿಂಟರ್‌ನ ಪಿಟಿಎಫ್ಇ (ಜಾರುವ ಪ್ಲಾಸ್ಟಿಕ್) ಟ್ಯೂಬು, ಅದರೊಳಗೆ ಮೀನು ಹಿಡಿಯುವ ಹೆಣೆದ ದಾರ. ಬಿಗಿ ಮಾಡಲು ಸೈಕಲ್ ಬ್ರೇಕಿನ ಸ್ಕ್ರೂ, ಸೈಕಲ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ತಲೆ 650 ಗ್ರಾಂಗೆ ಇಳಿಯಿತು, ಭಾರ ಸೊಂಟದ ಕಡೆ ಬಂತು.

"ಕುತ್ತಿಗೆ ತಿರುಗಿದ್ರೆ ಬಾಯಿ ಸೊಟ್ಟಾಗುತ್ತೆ ನೋಡು" ಅಂದರು ನೋಡಿದವರು. ಆಗುತ್ತಿತ್ತು ಕೂಡ. ಟ್ಯೂಬು ಬಾಗಿದಷ್ಟೂ ಒಳಗಿನ ದಾರದ ಘರ್ಷಣೆ ಏರುತ್ತದೆ. ಎಡಕ್ಕೆ ನೋಡಿದರೆ ಬಲ ತುಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಎಲ್ಲ ಟ್ಯೂಬುಗಳನ್ನೂ ಕುತ್ತಿಗೆ ತಿರುಗುವ ಅಕ್ಷದ ನಟ್ಟನಡುವೆ ಒಂದೇ ಕಂತೆಯಾಗಿ ಹಾಯಿಸಿದ ಮೇಲೆ ಸರಿಹೋಯಿತು. ಪೀಣ್ಯದ ಲೇತ್ ಅಂಗಡಿಯಲ್ಲಿ ಟೊಳ್ಳು ಶಾಫ್ಟ್ ಮಾಡಿಸಿದೆ. ಕಂತೆಯೊಳಗೆ ಯಾವ ದಾರ ಯಾವುದರ ಪಕ್ಕ ಅನ್ನುವುದು ನನ್ನ ಬಳಿಯೇ ಇರಲಿ.

ಮುಖ ನಮ್ಮ ದೊಡ್ಡಮ್ಮನದು. ಎಳೆ ಮುಖಕ್ಕಿಂತ ವಯಸ್ಸಾದ ಮುಖ ವಾಸಿ ಅಂತ ಅನುಭವದಿಂದ ಹೇಳುತ್ತೇನೆ. ಸುಕ್ಕು ಮೊದಲೇ ಇದ್ದರೆ ಸಿಲಿಕೋನ್ ಅಲ್ಲೇ ಮಡಚುತ್ತದೆ. ನುಣುಪು ಕೆನ್ನೆ ಎಲ್ಲೆಂದರಲ್ಲಿ ಉಬ್ಬಿ ಹೆದರಿಸುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ, ನೂರಕ್ಕೆ ಎಪ್ಪತ್ತರಷ್ಟಕ್ಕೆ ಇಳಿಸಿ, ಬೆಳಕಿಗೆ ಗಟ್ಟಿಯಾಗುವ ರೆಸಿನ್‌ನಲ್ಲಿ ಅಚ್ಚು ತೆಗೆದೆ. ಇಲ್ಲೇ ದುಡ್ಡು ಹೋಗಿದ್ದು. ರೆಸಿನ್ ಅಚ್ಚಿಗೆ ತಾಗಿದ ಕಡೆ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ವೇಗವರ್ಧಕ ಬೆರೆಸಿದ ಬಗೆ) ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಒಂದೊಂದು ಕಿಟ್‌ಗೆ ನಾಲ್ಕೈದು ಸಾವಿರ, ಎಷ್ಟೋ ಕಿಟ್ ಕಸದ ಬುಟ್ಟಿ ಸೇರಿದವು. ಈಗ ಅಚ್ಚನ್ನು ಯುವಿ (ಅತಿನೇರಳೆ) ಬೆಳಕಿನಲ್ಲಿ ಚೆನ್ನಾಗಿ ಗಟ್ಟಿ ಮಾಡಿ, ಮೇಲೊಂದು ಕೋಟಿಂಗ್ ಕೊಡುತ್ತೇನೆ. ಯಾವ ಕೋಟಿಂಗ್ ಅಂತ ಮಾತ್ರ ಕೇಳಬೇಡಿ. ಲೇಟೆಕ್ಸ್ ಗ್ಲೌಸ್ ಕೂಡ ಇದೇ ಕಾಟ ಕೊಡುತ್ತದೆ, ನೈಟ್ರೈಲ್ ಹಾಕಿ.

ದಾರವನ್ನು ನೇರ ಸಿಲಿಕೋನ್‌ಗೆ ಕಟ್ಟಿದರೆ ಹರಿದು ಬರುತ್ತದೆ. ಹಿಗ್ಗುವ ನೆಟ್ ಬಟ್ಟೆಯ ಬಿಲ್ಲೆಯನ್ನು ಹುಯ್ಯುವಾಗಲೇ ಒಳಗೆ ಹುದುಗಿಸಿ ಅದಕ್ಕೆ ಕಟ್ಟಬೇಕು. ತುಟಿಯ ತುದಿಯನ್ನು ಬರೀ ಮೇಲಕ್ಕಲ್ಲ, ಕೆನ್ನೆಮೂಳೆಯ ಕಡೆಗೆ ಓರೆಯಾಗಿ ಎಳೆಯಬೇಕು, ಜೊತೆಗೇ ಕಣ್ಣಿನ ಕೆಳಗಿನ ಕೆನ್ನೆಯೂ ಚೂರು ಏರಬೇಕು. ಅದು ಏರದಿದ್ದರೆ ಫೋಟೋಗೆ ನಕ್ಕ ಹಾಗಿರುತ್ತದೆ. ಚರ್ಮ ಬುರುಡೆಯ ಮೇಲೆ ಜಾರಲು ಸಿಲಿಕೋನ್ ಎಣ್ಣೆ ಹಾಕಲೇಬೇಡಿ, ಚರ್ಮವೇ ಊದಿಕೊಳ್ಳುತ್ತದೆ. ಟಾಲ್ಕಂ ಪೌಡರ್ ಸಾಕು. ಬಾಟಲಿಯಲ್ಲಿ ಬರುವ "ಚರ್ಮದ ಬಣ್ಣ" ಗುಲಾಬಿ ಗುಲಾಬಿ. ನಮ್ಮವರ ಮೈಬಣ್ಣಕ್ಕೆ ಕಂದು, ಹಳದಿ, ಒಂದು ಹನಿ ನೀಲಿ ಬೆರೆಸಿದೆ.

ನಡುವೆ ಹುಬ್ಬಿಗೆ ನಿಟಿನಾಲ್ ತಂತಿ ಹಾಕಿ ನೋಡಿದೆ. ಕರೆಂಟ್ ಕೊಟ್ಟರೆ ಬಿಸಿಯಾಗಿ ನೂರಕ್ಕೆ ನಾಲ್ಕರಷ್ಟು ಕುಗ್ಗುತ್ತದೆ, ಸದ್ದೇ ಇಲ್ಲ, ನೋಡಲು ಬಲು ಚೆಂದ. ಆದರೆ ತಣ್ಣಗಾಗುವ ತನಕ ಹುಬ್ಬು ಇಳಿಯಲ್ಲ. ಅಚ್ಚರಿ ಪಟ್ಟ ಮುಖ ಎರಡು ಮೂರು ಸೆಕೆಂಡ್ ಹಾಗೇ ನಿಂತರೆ ನೋಡುವವರಿಗೆ ಕಸಿವಿಸಿ. ಬಿಟ್ಟೆ.

ಕಾಲಿಗೆ 12 ವೋಲ್ಟಿನ, 30 ಕೆಜಿ-ಸೆಂಟಿಮೀಟರ್ ತಿರುಗುಬಲದ ಸೀರಿಯಲ್ ಬಸ್ ಮೋಟರ್ (ಒಂದೇ ತಂತಿಸಾಲಿನಲ್ಲಿ ಎಲ್ಲವಕ್ಕೂ ಆಜ್ಞೆ ಹೋಗುವಂಥದ್ದು) 14, ಒಂದಕ್ಕೆ ಸುಮಾರು 3 ಸಾವಿರ. ಪಾದದ ಕೀಲಿನಲ್ಲಿ ಅಡ್ಡಕ್ಕೆ ವಾಲುವ ಕಡೆ ಎರಡೆರಡು ಜೋಡಿಸಿದ್ದೇನೆ. ಡೈನಮಿಕ್ಸೆಲ್ ಅನ್ನುವ ದುಬಾರಿ ರೋಬೋ ಮೋಟರ್ ಹಾಕಿದ್ದರೆ ಕಾಲಿನ ಖರ್ಚೇ ಲಕ್ಷಗಳಲ್ಲಿ ಹೋಗುತ್ತಿತ್ತು. ಕಾಲು ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ರೋಬೋವನ್ನು ನಡೆಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಆಫ್ ಆಗಿ ನಡುದಾರಿಯಲ್ಲಿ ಬೀಳುತ್ತಿತ್ತು. ಪೈಗೆ ಬೇರೆ ಬ್ಯಾಟರಿ ಕೊಟ್ಟು ಗ್ರೌಂಡ್ (ನೆಗೆಟಿವ್) ತಂತಿ ಮಾತ್ರ ಒಂದು ಮಾಡಿದೆ. ವಿಟ್ರಿಫೈಡ್ ಟೈಲ್ಸ್ ಮೇಲೆ ಜಾರದಿರಲು ಅಂಗಾಲಿಗೆ ಸೈಕಲ್ ಟ್ಯೂಬಿನ ತುಂಡು.

ಹಾಳಾದದ್ದನ್ನೂ ಸೇರಿಸಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಆಗಿದೆ. ಇಷ್ಟು ದುಡ್ಡಲ್ಲಿ ನಡೆಯುತ್ತಾ ನಗುವುದನ್ನು ಇನ್ನೊಬ್ಬರು ಮಾಡಿದ್ದು ನಾನಂತೂ ನೋಡಿಲ್ಲ. ಕಾಲು ಗಂಟೆ ನಡೆದರೆ ಮೊಣಕಾಲಿನ ಮೋಟರ್ ಕೈ ಸುಡುವಷ್ಟು ಕಾಯುತ್ತದೆ, ಆ ಬಿಸಿ ಎಳೆದುಕೊಳ್ಳಲಿ ಅಂತ ಅಲ್ಲಿಗೆ ಅಲ್ಯೂಮಿನಿಯಂ ಬ್ರಾಕೆಟ್ ಪೀಣ್ಯದಲ್ಲೇ ಮಾಡಲು ಕೊಟ್ಟಿದ್ದೇನೆ.