ಬ್ಯಾಕ್‌ಪ್ಲೇಟ್ ಕೊಳ್ಳುವ ಮುನ್ನ ಕಂಡಿಗಳ ಮೇಲೆ ಬೆರಳಾಡಿಸಿ

ಸ್ಕೂಬಾ ಡೈವಿಂಗ್ ಸಲಕರಣೆಗಳಲ್ಲಿ ನೋಡುವುದಕ್ಕೆ ತೀರಾ ಸರಳವಾದುದು ಬ್ಯಾಕ್‌ಪ್ಲೇಟ್. ಬೆನ್ನಿಗೆ ಒರಗುವ ಒಂದು ಲೋಹದ ತಗಡು, ಅದರ ಕಂಡಿಗಳಲ್ಲಿ ಪೋಣಿಸಿದ ಎರಡು ಇಂಚು ಅಗಲದ ನೈಲಾನ್ ಪಟ್ಟಿ, ತಗಡಿನ ಹಿಂದೆ ವಿಂಗ್ ಎಂಬ ಗಾಳಿ ತುಂಬುವ ಚೀಲ, ಅದರ ಹಿಂದೆ ಸಿಲಿಂಡರ್. ಅಮೆರಿಕದ ಉತ್ತರ ಫ್ಲಾರಿಡಾದ ನೀರು ತುಂಬಿದ ಗುಹೆಗಳಿಗೆ ಇಳಿಯುತ್ತಿದ್ದ ಡೈವರ್‌ಗಳ ನಡುವೆ ಬೆಳೆದುಬಂದ ಈ ಏರ್ಪಾಡು ಈಗ ತೆರೆದ ಕಡಲಿನಲ್ಲೂ ಬಳಕೆಯಲ್ಲಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮೊದಲ ಬಾರಿ ನೀರಿಗಿಳಿಯುವವರಿಗೆ ಸಾಮಾನ್ಯವಾಗಿ ಗಾಳಿ ತುಂಬುವ ಜಾಕೆಟ್ ಮಾದರಿಯನ್ನು ತೊಡಿಸುತ್ತಾರೆ. ಡೈವಿಂಗನ್ನು ಹವ್ಯಾಸವಾಗಿ ಮುಂದುವರಿಸಿ ಸ್ವಂತ ಸಲಕರಣೆ ಮಾಡಿಕೊಳ್ಳುವ ಹಂತಕ್ಕೆ ಬಂದಾಗ ಬ್ಯಾಕ್‌ಪ್ಲೇಟಿನ ಪ್ರಶ್ನೆ ಏಳುತ್ತದೆ.

ತಗಡೇ ತಾನೇ, ಅದರಲ್ಲಿ ಕೆಡುವಂಥದ್ದೇನಿದೆ ಎಂದು ಹಲವರು ಪರೀಕ್ಷೆಯನ್ನೇ ಮಾಡುವುದಿಲ್ಲ. ಇದು ಸರಿಯಲ್ಲ. ಭುಜ ಮತ್ತು ಸೊಂಟವನ್ನು ಸುತ್ತುವುದು ಒಂದೇ ಅಖಂಡ ಪಟ್ಟಿ. ಪ್ಲಾಸ್ಟಿಕ್ ಕೊಂಡಿಗಳಿಲ್ಲ, ಹೊಲಿಗೆ ತೀರಾ ಕಡಿಮೆ. ಈ ವಿನ್ಯಾಸದ ಶಕ್ತಿ ಇರುವುದೇ ಅಲ್ಲಿ. ಆದರೆ ಆ ಪಟ್ಟಿ ಯಾವುದಾದರೂ ಒಂದು ಕಂಡಿಯಲ್ಲಿ ಕತ್ತರಿಸಿಹೋದರೆ ಇಡೀ ಕಟ್ಟು ಸಡಿಲವಾಗುತ್ತದೆ. ಹಾಗಾಗಿ ಪರೀಕ್ಷೆ ಶುರುವಾಗಬೇಕಾದುದು ಕಂಡಿಗಳಿಂದ.

ಮೊದಲು ಅಂಚು

ಪಟ್ಟಿಯನ್ನು ಪೂರ್ತಿ ಬಿಚ್ಚಿ ತಗಡನ್ನು ಬರಿದಾಗಿಸಿ. ಮೇಲೆ ಭುಜದ ಕಂಡಿಗಳು, ಕೆಳಗೆ ಸೊಂಟದ ಎರಡು, ನಟ್ಟನಡುವೆ ಕಾಲುಗಳ ನಡುವಿನ ಪಟ್ಟಿಗೆ ಒಂದು. ಪ್ರತಿಯೊಂದರ ಒಳ ಅಂಚಿನ ಮೇಲೂ ಬೆರಳಾಡಿಸಿ. ಕೈಗೆ ನಯವೆನಿಸಿದರೆ ಸಾಲದು, ಒಂದು ಉಂಡೆ ಹತ್ತಿ ತೆಗೆದುಕೊಂಡು ಅಂಚಿನ ಎರಡೂ ಬದಿಗೆ ನಿಧಾನವಾಗಿ ಎಳೆಯಿರಿ. ಲೋಹದ ಸಿಬಿರು ಇದ್ದಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತವೆ. ಕಂಡಿಯ ನಾಲ್ಕು ಮೂಲೆಗಳಲ್ಲಿ ಇದು ಹೆಚ್ಚು, ಏಕೆಂದರೆ ಪಾಲಿಶ್ ಮಾಡುವ ಚಕ್ರ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಹೊರಮೈ ಕನ್ನಡಿಯಂತೆ ಹೊಳೆಯುತ್ತಿದ್ದು ಕಂಡಿಯ ಒಳಗೆ ಹತ್ತಿ ಸಿಕ್ಕಿಕೊಳ್ಳುವ ತಗಡುಗಳಿಗೆ ಕೊರತೆಯಿಲ್ಲ. ಹೊಳಪಿಗೆ ದುಡ್ಡು ಕೊಡಬೇಡಿ, ಅಂಚಿಗೆ ಕೊಡಿ.

ಸಣ್ಣ ಸಿಬಿರನ್ನು ಮನೆಯಲ್ಲೇ ತೆಗೆಯಬಹುದು. ನುಣುಪಾದ ಅರದಿಂದ ಅಂಚನ್ನು ದುಂಡಗೆ ಮಾಡಿ, ಆಮೇಲೆ 400 ಹಾಗೂ 600 ನಂಬರಿನ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ. ಒಂದು ಎಚ್ಚರಿಕೆ: ಮಾಮೂಲಿ ಕಬ್ಬಿಣ ಉಜ್ಜಿದ ಅರವನ್ನಾಗಲಿ, ಪಾತ್ರೆ ತಿಕ್ಕುವ ಉಕ್ಕಿನ ನಾರನ್ನಾಗಲಿ ಬಳಸಬೇಡಿ. ಅದರ ಕಬ್ಬಿಣದ ಕಣಗಳು ಸ್ಟೇನ್‌ಲೆಸ್ ಉಕ್ಕಿನ ಮೈಗೆ ಅಂಟಿಕೊಂಡು, ಉಪ್ಪುನೀರು ತಾಗಿದ ಮೇಲೆ ಕಂದು ಚುಕ್ಕೆಗಳಾಗಿ ಏಳುತ್ತವೆ.

ತೂಕ, ಅಳತೆ, ತಿರುಚು

3 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಗಡು ಸುಮಾರು 2.7 ಕಿಲೋ ತೂಗುತ್ತದೆ. ಅಲ್ಯೂಮಿನಿಯಂ ಆದರೆ ಒಂದು ಕಿಲೋ ಆಸುಪಾಸು. ತಕ್ಕಡಿಯಲ್ಲಿಟ್ಟು ನೋಡಿ. 3 ಮಿಲಿಮೀಟರ್ ಎಂದು ಹೇಳಿ ಮಾರಿದ್ದು ಎರಡೇ ಕಿಲೋ ಬಂದರೆ, ತಗಡು ತೆಳುವೇ ಅಥವಾ ಆಕಾರವೇ ಚಿಕ್ಕದೇ ಎಂದು ಕೇಳಿ. ತೂಕ ಕಡಿಮೆಯಾದಷ್ಟೂ, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ಲೆಕ್ಕ ಬದಲಾಗುತ್ತದೆ. ನೀರಿನಲ್ಲಿ ಉಕ್ಕು ತನ್ನ ತೂಕದ ಎಂಟನೆಯ ಒಂದು ಪಾಲಿನಷ್ಟು ಹಗುರಾಗುವುದರಿಂದ, ಸರಿಯಾದ ತಗಡು ನೀರಿನಲ್ಲೂ ಸುಮಾರು 2.4 ಕಿಲೋ ತೂಗಿ ಆ ಮಟ್ಟಿಗೆ ಸೀಸದ ಕೆಲಸ ಮಾಡುತ್ತದೆ.

ವಿಂಗ್ ಮತ್ತು ಸಿಲಿಂಡರಿನ ಪಟ್ಟಿಗಳನ್ನು ಬಿಗಿಯುವ ಎರಡು ಮುಖ್ಯ ತೂತುಗಳ ನಡುವಿನ ಅಂತರ, ಕೇಂದ್ರದಿಂದ ಕೇಂದ್ರಕ್ಕೆ 11 ಇಂಚು, ಅಂದರೆ 279 ಮಿಲಿಮೀಟರ್. ಈ ಅಳತೆ ಬಹುತೇಕ ತಯಾರಕರಿಗೆ ಸಾಮಾನ್ಯ. ಪೀಣ್ಯದಂಥ ಕಡೆ ಲೇಸರ್ ಕಟಿಂಗ್ ಘಟಕದಲ್ಲಿ ಮಾಡಿಸಿಕೊಳ್ಳುವವರು ಇದನ್ನು ನಕ್ಷೆಯಲ್ಲಿ ಸ್ಪಷ್ಟವಾಗಿ ಬರೆಸಬೇಕು. ಎರಡು ಮೂರು ಮಿಲಿಮೀಟರ್ ಆಚೀಚೆಯಾದರೂ ಬೋಲ್ಟು ಕೂರುವುದಿಲ್ಲ.

ಬಗ್ಗಿಸಿದ ರೇಖೆಗಳು ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ತಗಡನ್ನು ಉದ್ದಕ್ಕೆ ಹಿಡಿದು ಕಣ್ಣಂದಾಜಿನಲ್ಲಿ ನೋಡಿ. ಬೆನ್ನಿಗೆ ತಾಗುವ ಮುಖವನ್ನು ಕೆಳಗೆ ಮಾಡಿ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಮೂಲೆಗಳನ್ನು ಒತ್ತಿ. ತಗಡು ಅಲ್ಲಾಡಿದರೆ ತಿರುಚಿದೆ ಎಂದರ್ಥ. ತಿರುಚಿದ ತಗಡಿನ ಮೇಲೆ ಸಿಲಿಂಡರ್ ಓರೆಯಾಗಿ ಕೂರುತ್ತದೆ. ತೊಟ್ಟವರು ನೀರೊಳಗೆ ಸದಾ ಒಂದು ಬದಿಗೆ ವಾಲುತ್ತಾ ಅದನ್ನು ತಮ್ಮ ಈಜಿನ ದೋಷವೆಂದೇ ಭಾವಿಸುತ್ತಾರೆ. ಇದನ್ನು ರಿಪೇರಿ ಮಾಡಹೋಗಬೇಡಿ, ಹಿಂದಿರುಗಿಸಿ.

ಯಾವ ಉಕ್ಕು?

ಕಡಲಿಗೆ 316 ದರ್ಜೆ ಉತ್ತಮ. ಅದರಲ್ಲಿರುವ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಉಪ್ಪಿನ ಕೊರೆತವನ್ನು ತಡೆಯುತ್ತದೆ. 304ರಲ್ಲಿ ಅದಿಲ್ಲ, ಸಿಹಿನೀರಿನಲ್ಲಿ ತೊಳೆಯುವ ಶಿಸ್ತಿದ್ದರೆ ಅದೂ ವರ್ಷಗಟ್ಟಲೆ ಬಾಳುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿ ಎನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ನಂಬಿ ಕೂರಬೇಡಿ. 304, 316 ಎರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅಗ್ಗದ 201 ದರ್ಜೆಯೂ ಅಂಟುವುದಿಲ್ಲ. ಒಳ್ಳೆಯ ಉಕ್ಕೇ ಆದರೂ ಬಗ್ಗಿಸಿದ ಜಾಗದಲ್ಲಿ ಕೊಂಚ ಸೆಳೆಯಬಹುದು. ಮಾರುವವರಿಂದ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ಲೇಸು.

ಕತ್ತರಿಸಿದ ಅಂಚಿನ ಬಣ್ಣವನ್ನೂ ಗಮನಿಸಿ. ಕಪ್ಪಗಿದ್ದರೆ ಲೇಸರಿನ ಜೊತೆ ಆಮ್ಲಜನಕ ಬಳಸಿ ಕತ್ತರಿಸಿ, ಆ ಪೊರೆಯನ್ನು ತೆಗೆಯದೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಹಳೆಯ ತಗಡಿನಲ್ಲಾದರೆ ಪಟ್ಟಿಯ ಅಡಿಯನ್ನೂ ಬೋಲ್ಟಿನ ತಲೆಯ ಸುತ್ತಲನ್ನೂ ನೋಡಬೇಕು. ಸ್ಟೇನ್‌ಲೆಸ್ ಉಕ್ಕನ್ನು ಕಾಯುವ ಕ್ರೋಮಿಯಂ ಪೊರೆ ಆಮ್ಲಜನಕ ಸಿಕ್ಕಾಗ ಮಾತ್ರ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಪಟ್ಟಿಯಡಿ ನಿಂತ ಉಪ್ಪುನೀರಿನಲ್ಲಿ ಅದು ಸಿಗುವುದಿಲ್ಲ. ಮೈಮೇಲಿನ ಕಂದು ಕಲೆ ಸಿಟ್ರಿಕ್ ಆಮ್ಲದ ದ್ರಾವಣದಿಂದ ಹೋಗುತ್ತದೆ, ಚಿಂತೆಯಿಲ್ಲ. ಉಗುರು ಸಿಕ್ಕುವಷ್ಟು ಗುಳಿ ಬಿದ್ದಿದ್ದರೆ ಮಾತ್ರ ಚಿಂತೆ. ಬ್ಲೀಚ್ ಹಾಕಿ ತೊಳೆಯಬೇಡಿ, ಅದರ ಕ್ಲೋರಿನ್ ಉಕ್ಕಿಗೆ ಆಗದು. ಅಲ್ಯೂಮಿನಿಯಂ ತಗಡಿಗೆ ಸ್ಟೇನ್‌ಲೆಸ್ ಬೋಲ್ಟು ತಾಗುವಲ್ಲಿ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ಸವೆಯುತ್ತಿದೆ. ನಡುವೆ ಪ್ಲಾಸ್ಟಿಕ್ ವಾಷರ್ ಹಾಕಿ.

ಪಟ್ಟಿ ಮತ್ತು ವಿಂಗ್

ಪಟ್ಟಿಯ ಅಂಚು ನೂಲು ಬಿಟ್ಟಿದೆಯೇ, ಬಿಸಿಲಿಗೆ ಬಣ್ಣ ಹೋಗಿ ಬಿರುಸಾಗಿದೆಯೇ ನೋಡಿ. ಕಂಡಿಯ ಒಳಗೆ ಕೂರುವ ಭಾಗವನ್ನು ಮಡಚಿ ಬೆಳಕಿಗೆ ಹಿಡಿಯಿರಿ. ಕಾಲುಭಾಗ ಅಗಲ ಸವೆಯುವ ತನಕ ಕಾಯಬೇಡಿ, ಸೀಳು ಕಾಣಿಸಿದೊಡನೆ ಹೊಸದು ಹಾಕಿ. ಇಡೀ ವ್ಯವಸ್ಥೆಯಲ್ಲಿ ಅಗ್ಗದ ಭಾಗ ಇದೇ. ಪಟ್ಟಿಗೆ ಪೋಣಿಸಿದ ಡಿ-ರಿಂಗ್‌ಗಳ (ಇಂಗ್ಲಿಷ್ D ಆಕಾರದ ಲೋಹದ ಬಳೆಗಳ) ಬೆಸುಗೆಯಲ್ಲಿ ಬಿರುಕಿದೆಯೇ ಎಂದೂ ಒಮ್ಮೆ ಎಳೆದು ನೋಡಿ.

ವಿಂಗಿಗೆ ಬಿಗಿಯಾಗಿ ಗಾಳಿ ತುಂಬಿ, ಹೆಚ್ಚಾದ ಗಾಳಿಯನ್ನು ಹೊರಬಿಡುವ ವಾಲ್ವ್ ತಾನಾಗಿ ತೆರೆದು ಮುಚ್ಚಿಕೊಳ್ಳುವುದನ್ನು ಖಚಿತಪಡಿಸಿಕೊಂಡು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಸೋಪಿನ ನೀರು ಸವರಿ ಗುಳ್ಳೆ ಹುಡುಕಿ. ತಗಡಿನ ಅಂಚಿಗೂ ಸಿಲಿಂಡರಿಗೂ ನಡುವೆ ವಿಂಗ್ ಸಿಕ್ಕಿ ಜಜ್ಜಿಹೋಗುವುದುಂಟು, ಮೊದಲು ಅಲ್ಲಿ ನೋಡಿ. ಗಾಳಿ ತುಂಬುವ ಗುಂಡಿಗೆ ಪ್ರತ್ಯೇಕ ಪರೀಕ್ಷೆ ಬೇಕು: ಒತ್ತಿ ಬಿಟ್ಟ ಕ್ಷಣವೇ ಗಾಳಿ ನಿಲ್ಲಬೇಕು. ಉಪ್ಪು ಕಟ್ಟಿ ಗುಂಡಿ ಒಳಗೇ ಸಿಕ್ಕಿಕೊಂಡರೆ ವಿಂಗ್ ಉಬ್ಬುತ್ತಲೇ ಹೋಗಿ ಡೈವರನ್ನು ತಡೆಯಿಲ್ಲದೆ ಮೇಲಕ್ಕೆ ಎಳೆಯುತ್ತದೆ. ಇಲ್ಲಿ ಹೇಳಿದ ದೋಷಗಳಲ್ಲೆಲ್ಲ ಅತ್ಯಂತ ಅಪಾಯಕಾರಿ ಇದು.

ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಡೈವಿಂಗ್ ನಿಂತಿರುತ್ತದೆ. ಪಟ್ಟಿ ಬಿಚ್ಚಿ ಎಲ್ಲವನ್ನೂ ಬಿಡಿಬಿಡಿಯಾಗಿ ಸಿಹಿನೀರಿನಲ್ಲಿ ನೆನೆಸಿ ತೊಳೆಯಲು ಅದೇ ಸಮಯ. ವಿಂಗಿನ ಒಳಕ್ಕೂ ನೀರು ಹಾಕಿ ಕುಲುಕಿ ಚೆಲ್ಲಿ.

ದೋಣಿ ಹತ್ತುವ ಮುನ್ನ

ಸಿಲಿಂಡರಿಗೆ ಸುತ್ತುವ ಪಟ್ಟಿಯನ್ನು ನೀರಿನಲ್ಲಿ ನೆನೆಸಿಯೇ ಬಿಗಿಯಬೇಕು. ಒಣ ನೈಲಾನ್ ನೆಂದ ಮೇಲೆ ಸಡಿಲವಾಗುತ್ತದೆ. ಬಿಗಿದ ಮೇಲೆ ತಗಡಿನ ಮೇಲ್ತುದಿ ಹಿಡಿದು ಸಿಲಿಂಡರ್ ಸಮೇತ ಎತ್ತಿ ಕುಲುಕಿ. ಸಿಲಿಂಡರ್ ಜಾರಿದರೆ ಬಿಚ್ಚಿ ಮತ್ತೆ ಬಿಗಿಯಿರಿ. ಬೋಲ್ಟುಗಳನ್ನು ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಿ. ಸಡಿಲ ಬೋಲ್ಟು, ಜಾರುವ ಸಿಲಿಂಡರ್ ಇವೆಲ್ಲ ದೋಣಿಯಲ್ಲೇ ಸರಿಯಾಗುತ್ತವೆ. ಸಿಕ್ಕಿಕೊಳ್ಳುವ ಗುಂಡಿಯಾಗಲಿ, ಸೀಳಿದ ಪಟ್ಟಿಯಾಗಲಿ ಕಂಡರೆ ದೋಣಿಯವರ ಹತ್ತಿರ ಬೇರೆ ಜಾಕೆಟ್ ಕೇಳಿ. ಅದು ಸಿಗದಿದ್ದರೆ ಅಂದು ನೀರಿಗಿಳಿಯಬೇಡಿ.