ಹೈಸ್ಕೂಲ್ ಲ್ಯಾಬ್‌ನಲ್ಲಿ ಗಿಂಪ್ ಕಲಿಸುವಾಗ

ಗಿಂಪ್ ಎಂದರೆ ಫೋಟೊ ತಿದ್ದುವ ಉಚಿತ ತಂತ್ರಾಂಶ. ನಾನು ಮೊದಲ ಪಾಠಕ್ಕೆ ಪಾಸ್‌ಪೋರ್ಟ್ ಫೋಟೊ ಮಾಡಿಸುತ್ತೇನೆ. ಸ್ಕಾಲರ್‌ಶಿಪ್ ಅರ್ಜಿಗೆ ಹೇಗೂ ಬೇಕು. ಕ್ರಾಪ್ (ಕತ್ತರಿಸುವುದು), ಸ್ಕೇಲ್ (ಅಳತೆ ಬದಲಿಸುವುದು), ಎಕ್ಸ್‌ಪೋರ್ಟ್ (ಬೇರೆ ಬಗೆಯ ಫೈಲಾಗಿ ಉಳಿಸುವುದು) ಮೂರೂ ಅದರಲ್ಲೇ ಬಂದುಬಿಡುತ್ತವೆ.

ಫೋಟೊಗಳನ್ನು ಹಿಂದಿನ ದಿನವೇ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಎಲ್ಲ ಯಂತ್ರಗಳಿಗೂ ಹಾಕಿಡಿ. ಫೋನಿನ 4000×3000 ಚಿತ್ರದ ಫೈಲ್ ಚಿಕ್ಕದೇ ಇರಬಹುದು, ಆದರೆ ತೆರೆದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ ಒಂದೊಂದು ಲೇಯರ್‌ಗೂ (ಒಂದರ ಮೇಲೊಂದು ಕೂರುವ ಚಿತ್ರದ ಪದರಕ್ಕೂ) 48 ಎಂಬಿ ಬೇಕು. 2 ಜಿಬಿ ರ‍್ಯಾಮ್‌ನ ಹಳೆ ಕಂಪ್ಯೂಟರ್ ನಾಲ್ಕೈದು ಲೇಯರ್‌ಗೇ ಏದುಸಿರು ಬಿಡುತ್ತದೆ.

ಕ್ರಾಪ್ ಟೂಲ್‌ನ ಆಯ್ಕೆಗಳಲ್ಲಿ ‘ಫಿಕ್ಸ್ಡ್’ಗೆ ಟಿಕ್ ಹಾಕಿಸಿ, ಆಸ್ಪೆಕ್ಟ್ ರೇಶಿಯೊ 35:45 ಕೊಡಿಸಿ. ಆಮೇಲೆ ‘ಸ್ಕೇಲ್ ಇಮೇಜ್’ನಲ್ಲಿ ಅಗಲ 413 ಎಂದರೆ ಎತ್ತರ 531ರ ಆಸುಪಾಸಿಗೆ ತಾನೇ ಬರುತ್ತದೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದು 3.5×4.5 ಸೆಂ.ಮೀ. ಪಕ್ಕದ ಸರಪಳಿ ಚಿಹ್ನೆ ಬಿಚ್ಚಿದ್ದರೆ ಮುಖ ಸೊಟ್ಟಗಾಗುತ್ತದೆ. ಇದನ್ನು ಬೇಕೆಂದೇ ಒಮ್ಮೆ ಮಾಡಿ ತೋರಿಸಿ.

‘ಸೇವ್’ ಕೊಟ್ಟರೆ ಬರುವುದು ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲ್ ಮಾತ್ರ. ಅರ್ಜಿಗೆ ಬೇಕಾದ ಜೆಪೆಗ್‌ಗೆ ‘ಎಕ್ಸ್‌ಪೋರ್ಟ್ ಆಸ್’. ಅಲ್ಲಿ ‘ಶೋ ಪ್ರಿವ್ಯೂ’ಗೆ ಟಿಕ್ ಹಾಕಿದರೆ ಕ್ವಾಲಿಟಿ ಇಳಿಸಿದಂತೆಲ್ಲ ಫೈಲ್ ಎಷ್ಟು ಕೆಬಿ ಆಯಿತೆಂದು ಕಾಣುತ್ತದೆ. 50 ಕೆಬಿ ಮಿತಿಯೊಳಗೆ ತರಲು ಹೇಳಿ. ಕ್ವಾಲಿಟಿ ತೀರಾ ಇಳಿದಾಗ ಕೂದಲಿನ ಅಂಚಿನಲ್ಲಿ ಚೌಕ ಚೌಕ ಕಲೆ ಏಳುವುದನ್ನು ಅವರೇ ಗುರುತಿಸುತ್ತಾರೆ.

ಲೇಯರ್‌ಗೆ ಬಂದಾಗ ಗೊಂದಲ ಶುರು. ಎರೇಸರ್ ಉಜ್ಜಿದರೂ ಹಿನ್ನೆಲೆ ಪಾರದರ್ಶಕವಾಗದೆ ಬೆಳ್ಳಗಾಗುತ್ತದೆ, ಏಕೆಂದರೆ ಜೆಪೆಗ್‌ಗೆ ಪಾರದರ್ಶಕತೆಯನ್ನು ಹಿಡಿದಿಡುವ ಆಲ್ಫಾ ಚಾನೆಲ್ ಇಲ್ಲ. ಲೇಯರ್ ಮೆನು, ಟ್ರಾನ್ಸ್‌ಪರೆನ್ಸಿ, ‘ಆ್ಯಡ್ ಆಲ್ಫಾ ಚಾನೆಲ್’ ಒತ್ತಿಸಿ, ಮತ್ತೆ ಅಳಿಸಿದ ಮೇಲೆ ಪಾರದರ್ಶಕತೆ ಉಳಿಸುವ ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿಸಿ.

“ಸರ್, ಬ್ರಷ್ ಓಡ್ತಾನೇ ಇಲ್ಲ” ಎಂದಾಗ ಮೌಸ್ ಕಿತ್ತುಕೊಳ್ಳಬೇಡಿ. ಎಲ್ಲೋ ಪುಟ್ಟ ಸೆಲೆಕ್ಷನ್ (ಆಯ್ದ ಭಾಗ, ಬ್ರಷ್ ಅದರೊಳಗೆ ಮಾತ್ರ ಓಡುತ್ತದೆ) ಉಳಿದಿದೆಯೇ? ಅದನ್ನು ತೆಗೆಯಲು ಕಂಟ್ರೋಲ್, ಶಿಫ್ಟ್, ಎ ಒಟ್ಟಿಗೆ ಒತ್ತಲಿ. ಬೇರೆ ಲೇಯರ್ ಮೇಲಿದ್ದಾರೆಯೇ? ಒಪಾಸಿಟಿ (ಬಣ್ಣದ ದಟ್ಟತೆ) ಸೊನ್ನೆಯೇ? ಬಹುಪಾಲು ಇಷ್ಟರಲ್ಲೇ ಸಿಗುತ್ತದೆ. ಪ್ಯಾನೆಲ್‌ಗಳೆಲ್ಲ ಮಾಯವಾದರೆ ಯಾರೋ ಟ್ಯಾಬ್ ಕೀ ಒತ್ತಿದ್ದಾರೆ. ಇನ್ನೊಮ್ಮೆ ಒತ್ತಿದರೆ ಮರಳುತ್ತವೆ.

ಪೋಸ್ಟರ್‌ಗೆ ಕನ್ನಡ ಬರೆಸುವುದಾದರೆ ಯುನಿಕೋಡ್‌ನಲ್ಲೇ ಟೈಪಿಸಿ, ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟ್ ಆರಿಸಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ರೂಪಗಳನ್ನು ಕೂರಿಸಿದ ಹಳೆಯ ಆಸ್ಕಿ ಫಾಂಟ್‌ಗೆ ಸಿದ್ಧಪಡಿಸಿದ ಪಠ್ಯವನ್ನು ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಮ್ಮೆ ‘ಜ್ಞಾನ’, ‘ಸ್ತ್ರೀ’ ಬರೆಸಿ ನೋಡಿ, ಒತ್ತಕ್ಷರ ಸರಿಯಾಗಿ ಕೂತರೆ ಫಾಂಟ್ ಸರಿಯಿದೆ.